ಐದು ಗಂಡು, ಒಂದು ಬೂದಿ

ಮೀನಿನ ತೊಟ್ಟಿ ಇಟ್ಟರೆ ಮನೆಗೆ ನೆಮ್ಮದಿ ಅಂತ ಹೇಳಿದವರು ಯಾರೋ ಕಾಣೆ. ಅವರ ಮನೆಯಲ್ಲಿ ನಮ್ಮತ್ತೆಯಂಥವರು ಇದ್ದಿರಲಿಕ್ಕಿಲ್ಲ. ನಮ್ಮಲ್ಲಂತೂ ಆ ಗಾಜಿನ ಪೆಟ್ಟಿಗೆ ಬಂದಾಗಿನಿಂದ ದಿನಕ್ಕೊಂದು ರಾಮಾಯಣ. ನಾವು ಬಂಗಾರಪೇಟೆ ಪಕ್ಕದ ಹಳ್ಳಿಯವರು. ಹಿತ್ತಲ ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, ಅವಕ್ಕೆ ಅತ್ತೆಯೇ ಯಜಮಾನಿ. ನಮ್ಮವರು ಆಂಡರ್ಸನ್‌ಪೇಟೆಯಲ್ಲಿ ಆಟೋ ಓಡಿಸುತ್ತಾರೆ.

ಕೊಸರು

ಒಂದು ಸಂಜೆ ಆಟೋದಲ್ಲಿ ತೊಟ್ಟಿ ಬಂತು, ಜೊತೆಗೆ ಗಪ್ಪಿ ಮೀನು. ಬಣ್ಣದ ಬಾಲದವು ಐದು, ನಮ್ಮವರು ಹುಡುಕಿ ಹುಡುಕಿ ಆರಿಸಿದ್ದು. ಬಣ್ಣವೇ ಇಲ್ಲದ್ದು ಒಂದು, ಅಂಗಡಿಯವನು ಕೊಸರು ಹಾಕಿದ್ದು. ಗಪ್ಪಿಯಲ್ಲಿ ಬಣ್ಣವೆಲ್ಲ ಗಂಡಿಗೆ, ಹೆಣ್ಣಿಗೆ ಬರೀ ಬೂದಿ ಬಣ್ಣ ಅಂತ ನಮಗೇನು ಗೊತ್ತು! ಐದೂ ಸೇರಿ ಆ ಒಂದರ ಬೆನ್ನು ಬಿದ್ದವು. ಅದು ತೊಟ್ಟಿಯೊಳಗಿನ ಗಾಳಿ ಪಂಪಿನ ಹಿಂದೆ ಅಡಗಿ ಕೂತಿತು, ಕಾಳು ಹಾಕಿದರೂ ಈಚೆಗೆ ಬರಲಿಲ್ಲ.

"ಮೀನು ಗೀನು ನಂಗ್ಯಾಕೆ" ಅಂದಿದ್ದ ಅತ್ತೆ ಮುದ್ದೆ ತಟ್ಟೆ ಹಿಡಿದು ತೊಟ್ಟಿ ಮುಂದೆ ಕೂತರು. "ಪಾಪ, ಒಂದು ತುತ್ತು ತಿನ್ನಾಕೂ ಬುಡಲ್ವಲ್ಲ ಇವು! ಇಂಗೇ ಆದ್ರೆ ಸತ್ತೋಯ್ತದೆ ಕಣೇ" ಅಂದರು. ಅದು ತಿನ್ನದೆ ಅವರಿಗೂ ಮುದ್ದೆ ಇಳಿಯಲಿಲ್ಲ. ಅದಕ್ಕೆ ಬೂದಿ ಅಂತ ಹೆಸರೂ ಇಟ್ಟಾಯಿತು. ಕೊನೆಗೆ ದನ ಹೊಡೆಯುವ ಕೋಲು ತಂದು ಗಾಜಿನ ಮುಂದೆ ಆಡಿಸುತ್ತ, "ಓಗ್ರಲಾ, ನಿಮಗೆ ಅಕ್ಕತಂಗೀರು ಇಲ್ವಾ?" ಅಂತ ಗದರಿದರು.

ನಮ್ಮವರು ಮೆಲ್ಲಗೆ, "ಎಲ್ಲಾ ಒಂದೇ ತೊಟ್ಟಿಯಿಂದ ಬಂದಿರೋವು ಅಮ್ಮಾ, ಅದೇ ಅವುಗಳ ತಂಗಿ ಇರಬೌದು" ಅಂದರು. ಕೋಲು ಅವರ ಕಡೆ ತಿರುಗಿತು.

ಕೊಟ್ಟಿಗೆಯ ನ್ಯಾಯ

ಅಂಗಡಿಯವನಿಗೆ ಫೋನ್ ಮಾಡಿದರೆ, "ಒಂದು ಗಂಡಿಗೆ ಮೂರು ಹೆಣ್ಣಾದ್ರೂ ಇರಬೇಕಣ್ಣಾ. ಆಗ ಒಂದರ ಮೇಲೇ ಬೀಳಲ್ಲ" ಅಂದ.

ನಮ್ಮವರು ಬೆರಳು ಮಡಿಸಿ, "ಅಂದ್ರೆ ಇನ್ನೂ ಹದಿನಾಲ್ಕು ಹೆಣ್ಣು ತರಬೇಕು" ಅಂದರು.

ಅತ್ತೆಗೆ ರೇಗಿಹೋಯಿತು. "ಐದು ಓರಿ ತಂದು ಕಟ್ಟಿ, ಆಮೇಲೆ ಅವಕ್ಕೆ ಅಂತ ಯಾವನಾದ್ರೂ ಹಸ ಉಡುಕ್ತಾನಾ? ಗಂಡುಕರು ಸಾಗಾಕಿದಂಗೆ ಸಾಗಾಕು!"

"ಜೋಡಿಗೆ ಅಂತ ಒಂದು ಗಂಡಾದ್ರೂ ಇರ್ಲಿ ಅಮ್ಮಾ."

"ನಮ್ ಹಸೀಗೆ ಯಾವ ಜೋಡಿ ಐತ್ಲಾ? ಬೇಕಾದಾಗ ಡಾಕ್ಟ್ರು ಬತ್ತಾರೆ, ಸೂಜಿ ಹಾಕ್ತಾರೆ, ಓಯ್ತಾರೆ."

ಐದೂ ಪಕ್ಕದ ಮನೆಯ ಸಿಮೆಂಟ್ ತೊಟ್ಟಿಗೆ ಹೋದವು. ಆ ಮನೆಯಾಕೆ, "ನೋಡಾಕೆ ಚೆಂದಾಗವೆ, ಏನಾದ್ರೂ ಕೆಲಸ ಮಾಡ್ತಾವಾ?" ಅಂತ ಕೇಳಿದರು.

"ಸೊಳ್ಳೆಮರಿ ತಿಂತಾವಂತೆ. ನಮ್ಮ ಮಗನಿಗಿಂತ ವಾಸಿ" ಅಂದರು ಅತ್ತೆ.

ಡಾಕ್ಟರ ಕೈ

ಬೂದಿ ಈಚೆಗೆ ಬಂದಳು. ಹಾಯಾಗಿ ಈಜಿದಳು, ಹೊಟ್ಟೆ ತುಂಬ ತಿಂದಳು. ಅತ್ತೆ ಡೇರಿಗೆ ಹಾಲು ಹಾಕಿ ಬಂದವರೇ ಮೊದಲು ಅವಳನ್ನು ಮಾತಾಡಿಸುತ್ತಿದ್ದರು. ಕೆಲವು ವಾರ ಕಳೆಯುವಷ್ಟರಲ್ಲಿ ಅವಳ ಹೊಟ್ಟೆ ಊದಿಕೊಳ್ಳತೊಡಗಿತು. ಅತ್ತೆ ಕಂಗಾಲಾದರು.

"ಒಟ್ಟೆ ಉಬ್ಬರ ಕಣೇ. ನಮ್ಮ ಕೆಂದಹಸ ಇಂಗೇ ಉಬ್ಬಿ ಸತ್ತಿದ್ದು. ಗಬ್ಬ ಅನ್ನಾಣ ಅಂದ್ರೆ ಗಂಡೇ ಇಲ್ವಲ್ಲ!" ಅಂತ ಸೆರಗಲ್ಲಿ ಕಣ್ಣೊರೆಸಿಕೊಂಡರು. ನನಗೂ ಸಂಕಟವಾಯಿತು.

ಅವತ್ತೇ ಹಸುವಿಗೆ ಗಬ್ಬದ ಸೂಜಿ ಹಾಕಲು ದನದ ಡಾಕ್ಟರು ಬಂದಿದ್ದರು. ಎರಡು ಸಲ ಹಾಕಿದ್ದು ಗಬ್ಬ ನಿಂತಿರಲಿಲ್ಲ, ಇದು ಮೂರನೆಯದು. ಕೆಲಸ ಮುಗಿದದ್ದೇ ಅತ್ತೆ ಅವರನ್ನು ತೊಟ್ಟಿ ಮುಂದೆ ಎಳೆದು ತಂದು, "ಗಬ್ಬವಾ ಉಬ್ಬರವಾ, ನೋಡಿ ಹೇಳಿ ಡಾಕ್ಟ್ರೇ" ಅಂದರು.

ಡಾಕ್ಟರು ಭುಜದವರೆಗಿನ ಗ್ಲೌಸು ಇನ್ನೂ ಬಿಚ್ಚಿರಲಿಲ್ಲ. ಒಮ್ಮೆ ತಮ್ಮ ತೋಳು ನೋಡಿಕೊಂಡರು, ಒಮ್ಮೆ ಮೀನು ನೋಡಿದರು. "ಅಜ್ಜೀ, ಇದಕ್ಕೆ ನಾನು ಕೈ ಹಾಕೋದಾದ್ರೂ ಎಲ್ಲಿಗೆ?"

ಅಷ್ಟರಲ್ಲಿ ಬೂದಿಯ ಹೊಟ್ಟೆಯಿಂದ ಸಾಸಿವೆ ಕಣ್ಣಿನ ಒಂದು ಮರಿ ಸರಕ್ಕನೆ ಆಚೆ ಬಂತು. ಹಿಂದೆಯೇ ಇನ್ನೊಂದು, ಮತ್ತೊಂದು. "ಅಯ್ಯೋ ನನ್ ತಾಯೀ, ಬದುಕ್ದಲ್ಲೇ!" ಅಂತ ಅತ್ತೆ ಗಾಜಿಗೇ ಮುತ್ತು ಕೊಟ್ಟರು. ಆಮೇಲೆ, "ಗಂಡಿಲ್ದೆ ಎಂಗೆ?" ಅಂತ ತಿರುಗಿದರು.

"ಇವು ಹಂಗೇ ಅಜ್ಜಿ. ಗಂಡಿನ ಜೊತೆ ಒಂದು ಸಲ ಇದ್ರೆ ಸಾಕು. ಆ ಬೀಜಾನ ಒಳಗೇ ಇಟ್ಕೊಂಡು ತಿಂಗಳುಗಟ್ಟಲೆ ಮರಿ ಹಾಕ್ತಾ ಇರ್ತವೆ."

ಅತ್ತೆಯ ನಗು ನಿಂತಿತು. ಮೀನು ನೋಡಿದರು, ಕೊಟ್ಟಿಗೆ ನೋಡಿದರು, ಆಮೇಲೆ ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿದರು.

"ಕೊಸರು ಮೀನಿಗೇ ಒಂದು ಸಲಕ್ಕೆ ಇಷ್ಟು ದಿನ ನಿಲ್ತದೆ. ನಮ್ ಹಸೀಗೆ ನೀವು ಹಾಕಿದ್ದು ಒಂದೂ ನಿಲ್ಲಿಲ್ಲ. ಇನ್ಮೇಲೆ ಸೂಜಿನ ಆ ಮೀನಂಗಡೀಲೇ ತತ್ತೀವಿ ಬುಡಿ!"