ತುಟಿಯ ನಡುವೆ ಮೂರು ಗುಂಡುಸೂಜಿ

ಗಡಿಯಾರ ರಿಪೇರಿಯವನಿಗೆ ದೇವರ ಜೊತೆ ಜಗಳವೇನೂ ಇರಲಿಲ್ಲ. (ಇಲ್ಲದವನ ಜೊತೆ ಜಗಳವಾಡುವುದು ಹೇಗೆ ಎಂಬುದು ಅವನ ವಾದ.) ಅವನ ಜಗಳವೆಲ್ಲ ದೇವರನ್ನು ನಂಬುವ ಎದುರುಮನೆಯ ದರ್ಜಿಯ ಜೊತೆ. ಇಪ್ಪತ್ತು ವರ್ಷದ ಗೆಳೆಯರು. ಭಾನುವಾರ ಸಂಜೆ ಇವನ ಮನೆಯಲ್ಲಿ ಕೂತರೆಂದರೆ ಮೊದಲ ಲೋಟ ಚಹಾಕ್ಕೆ ದೇವರು ಬರುತ್ತಿದ್ದ, ಎರಡನೆಯದಕ್ಕೆ ಇಬ್ಬರ ವಂಶಾವಳಿಯೂ ಬರುತ್ತಿತ್ತು.

ಹೋದ ತಿಂಗಳು ಮಾತ್ರ ಮಾತು ಮಿತಿಮೀರಿತು.

"ಕೈಗಡಿಯಾರಕ್ಕೇ ಒಬ್ಬ ಮಾಡಿದವನು ಇರ್ತಾನೆ, ಜಗತ್ತಿಗೆ ಇರಲ್ವೇನೋ?" ಎಂದ ದರ್ಜಿ.

"ಮಾಡಿದವನು ಅಷ್ಟು ಜಾಣ ಆಗಿದ್ರೆ ರಿಪೇರಿಗೆ ನಾನ್ಯಾಕೆ ಬೇಕಿತ್ತು? ನಿನ್ನ ಪ್ರಾರ್ಥನೆ ಅನ್ನೋದು ಬರೀ ವಾರಂಟಿ ಕಾರ್ಡು ಕಣೋ!"

ದರ್ಜಿ ಲೋಟ ಕೆಳಗಿಟ್ಟು ಎದ್ದುಹೋದ. ನಾಲ್ಕು ಭಾನುವಾರ ಇತ್ತ ತಲೆಯೂ ಹಾಕಲಿಲ್ಲ. ಗಡಿಯಾರದವನಿಗೆ ಚಹಾ ಸಪ್ಪೆಯಾಯಿತು, ಸಂಜೆಗಳು ಭಣಭಣ ಎನ್ನತೊಡಗಿದವು. ಗೆಳೆಯ ಕೈತಪ್ಪಿಯೇ ಹೋದನೇನೋ ಎಂದು ದಿನಕ್ಕೆ ಹತ್ತು ಸಲ ಎದುರುಮನೆಯತ್ತ ಇಣುಕಿದ.

"ಹೋಗಿ ತಪ್ಪಾಯ್ತು ಅನ್ನಿ," ಎಂದಳು ಹೆಂಡತಿ.

ಹೋದ. ದರ್ಜಿ ಯಾರದೋ ಕೋಟಿಗೆ ಗುರುತು ಹಾಕುತ್ತ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡಿದ್ದ. ಬಾಯಿ ಬಿಡುವಂತಿಲ್ಲ, ಇವನು ಹೇಳಿದ್ದಕ್ಕೆಲ್ಲ ತಲೆಯಾಡಿಸಬಹುದು ಅಷ್ಟೆ. ಇಪ್ಪತ್ತು ವರ್ಷದಲ್ಲಿ ಅವರಿಬ್ಬರ ನಡುವೆ ನಡೆದ ಅತ್ಯಂತ ಶಾಂತ ಸಂಭಾಷಣೆ ಅದೇ! ಗಡಿಯಾರದವನ ತಲೆಯಲ್ಲಿ ಮಿಂಚು ಹೊಳೆಯಿತು. ಅಲ್ಲೇ ವಿಶ್ವಶಾಂತಿ ಒಪ್ಪಂದವೊಂದನ್ನು ಘೋಷಿಸಿದ: ಒಬ್ಬ ಮಾತಾಡುವಾಗ ಇನ್ನೊಬ್ಬ ಮೂರು ಸೂಜಿ ಕಚ್ಚಿಕೊಳ್ಳಬೇಕು. ಆಮೇಲೆ ಕೇಳಿದ್ದನ್ನು ತಪ್ಪಿಲ್ಲದೆ ಒಪ್ಪಿಸಬೇಕು. ಉತ್ತರವೇನಿದ್ದರೂ ಅನಂತರ.

ಭಾನುವಾರ ಸೂಜಿ ಮೊದಲು ಇವನ ಬಾಯಿಗೇ ಬಂತು.

"ಅಂಗಡಿ ಸುಟ್ಟುಹೋದ ದಿನ ಅಳೋಕೂ ತ್ರಾಣ ಇರಲಿಲ್ಲ," ಎಂದ ದರ್ಜಿ. "ಪ್ರಾರ್ಥನೆ ಮಾಡಿದೆ. ಯಾರೋ ಪಕ್ಕದಲ್ಲಿ ಬಂದು ಕೂತ ಹಾಗಾಯ್ತು. ಅದನ್ನ ನೀನು ವಾರಂಟಿ ಕಾರ್ಡು ಅಂದುಬಿಟ್ಟೆ."

ಗಡಿಯಾರದವನು ನಾಚಿ ತಲೆಯಾಡಿಸಿದ. ಅಷ್ಟರಲ್ಲಿ ಫೋನು ಹಿಡಿದುಕೊಂಡೇ ಹೆಂಡತಿ ಬಂದು ಏನೋ ಕೇಳಿದಳು. ದರ್ಜಿ ಮರ್ಯಾದೆಯಿಂದ ಮಾತು ನಿಲ್ಲಿಸಿ ಕಾದ. ಇವನ ಮನಸ್ಸೆಲ್ಲ ಸುಟ್ಟ ಅಂಗಡಿಯಲ್ಲೇ. ಅವಳಿಗೂ ತಲೆಯಾಡಿಸಿದ. ಅವಳು ಇನ್ನೂ ಏನೇನೋ ಕೇಳಿದಳು, ಮತ್ತೆ ಮತ್ತೆ ಆಡಿಸಿದ.

ಆಮೇಲೆ ಕೇಳಿದ್ದನ್ನೆಲ್ಲ ಅಕ್ಷರಶಃ ಒಪ್ಪಿಸಿ, "ಹಾಗನ್ನಬಾರದಿತ್ತು ಕಣೋ," ಎಂದೂ ಸೇರಿಸಿದ. ಈಗ ದರ್ಜಿ ಸೂಜಿ ಕಚ್ಚಿದ.

"ಅಮ್ಮ ಹಾಸಿಗೆ ಹಿಡಿದಾಗ ನಾನೂ ಬೇಡಿಕೊಂಡೆ. ನನ್ನ ಪಕ್ಕ ಯಾರೂ ಬಂದು ಕೂರಲಿಲ್ಲ. ನೀನೊಬ್ಬ ಬಂದು ಕೂತಿದ್ದೆ."

ದರ್ಜಿ ಅದನ್ನು ಒಪ್ಪಿಸುವುದನ್ನೇ ಮರೆತು ಎದ್ದು ಬಂದ. ಇಬ್ಬರೂ ತಬ್ಬಿಕೊಂಡರು (ಸೂಜಿ ತೆಗೆದು). ಯಾರೂ ಗೆಲ್ಲಲಿಲ್ಲ, ಯಾರೂ ಬದಲಾಗಲಿಲ್ಲ, ಎಷ್ಟೊಂದು ಖುಷಿ! ಗಡಿಯಾರದವನು ತನ್ನ ಬೆನ್ನು ತಾನೇ ತಟ್ಟಿಕೊಳ್ಳುವಷ್ಟರಲ್ಲಿ ಹೆಂಡತಿ ಪೊರಕೆ ಹಿಡಿದು ಅವನ ಕೆಲಸದ ಕೋಣೆಗೆ ನುಗ್ಗಿದಳು.

"ನಿಮ್ಮ ಮೇಜು ಮೆಟ್ಟಿಲ ಕೆಳಗೆ ಹಾಕ್ತೀನಿ. ನಾಳೆ ಅಣ್ಣ ಬರ್ತಾನೆ."

ಅಣ್ಣನೆಂದರೆ ಧರ್ಮಪ್ರವಚನಕಾರ. ನೆಂಟರ ಬಾಯಲ್ಲಿ 'ಮೈಕು'.

"ಬರೋಕೆ ಹೇಳಿದ್ಯಾರು?"

"ನೀವೇ. ನಾನು ಕೇಳಿದ್ದನ್ನ ಒಪ್ಪಿಸಿ, ನೋಡೋಣ."

ಗಡಿಯಾರದವನು ಕಕ್ಕಾಬಿಕ್ಕಿಯಾದ. ದರ್ಜಿ ಮೆಲ್ಲಗೆ ಕೆಮ್ಮಿದ. "'ಅಣ್ಣ ಮೂರು ತಿಂಗಳು ಇಲ್ಲಿರಲಾ?' ಅಂದ್ರು, ನೀನು ತಲೆ ಆಡಿಸ್ದೆ. 'ನಿಮ್ಮ ಕೋಣೆ ಕೊಡಲಾ?' ಆಡಿಸ್ದೆ. 'ಬೆಳಗಿನ ಪ್ರಾರ್ಥನೆಗೆ ನೀವೂ ಕೂರ್ತೀರಾ?' ಅಂದ್ರು..."

"ಅದಕ್ಕೆ?"

"ಎರಡು ಸಲ ಆಡಿಸ್ದೆ."

"ಅಯ್ಯೋ ದ್ರೋಹಿ! ಲೇ, ನಾನು ದೇವರನ್ನೇ..."

ಹೆಂಡತಿ ಮೂರು ಸೂಜಿ ಆರಿಸಿ ಮುಂದೆ ಹಿಡಿದಳು. "ಈಗ ನನ್ನ ಸರದಿ. ಇಪ್ಪತ್ತೆರಡು ವರ್ಷದ ಮಾತು ಬಾಕಿ ಇದೆ. ಕಚ್ಕೊಳ್ಳಿ."

ದರ್ಜಿ ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡು ಹಾಯಾಗಿ ಗೋಡೆಗೊರಗಿದ. ಗಡಿಯಾರದವನು ಸೂಜಿ ಕಚ್ಚಿ, ಬೇರೆ ದಾರಿ ಕಾಣದೆ, ಚಾವಣಿಯತ್ತ ಕಣ್ಣೆತ್ತಿ ಮನಸ್ಸಿನಲ್ಲೇ 'ಕಾಪಾಡಪ್ಪಾ' ಎಂದುಬಿಟ್ಟ.

ದರ್ಜಿ ಅದನ್ನೂ ನೋಡಿಬಿಟ್ಟ.