ಗಿಡಕ್ಕೆ ಧನ್ಯವಾದ ಹೇಳಬಾರದು

ಮೆರ್ತಾಳ ದೂರು ಇಷ್ಟೇ: ಅವಳ ಗಿಡಗಳು ಬದುಕಿಕೊಂಡವು.

ಇದೂ ಒಂದು ದೂರೇ ಎಂದು ಯಾರಾದರೂ ಕೇಳಬಹುದು. ಹಾಗೆ ಕೇಳುವವರು ಅವಳ ಅಡುಗೆಮನೆಗೆ ಬಂದು ಕೂತು ಕೇಳಿದ್ದರೆ ಮೊದಲಿಂದ ಕೊನೆಯವರೆಗೆ ಬಿಡಿಸಿ ಹೇಳುತ್ತಿದ್ದಳು. ಬರುವವರೇ ಇರಲಿಲ್ಲ ಎನ್ನುವುದು ದೂರಿನ ಎರಡನೆಯ ಭಾಗ.

ಸ್ವೀಡನ್ನಿನ ಉತ್ತರದಲ್ಲಿ, ವಿಂದೆಲ್ ನದಿಯ ದಂಡೆಯ ಆ ಊರಿಗೆ ಅವಳು ಮೂವತ್ತೊಂದು ವರ್ಷ ಅಂಚೆ ಹಂಚಿದ್ದಳು. ಆಗ ದಿನಕ್ಕೆ ನಲವತ್ತು ಮನೆಗಳ ಮುಂದೆ ನಿಂತು ನಲವತ್ತು ಜನರ ಮಂಡಿನೋವು ವಿಚಾರಿಸುತ್ತಿದ್ದಳು. ನಿವೃತ್ತಿಯಾಯಿತು. ನಾಲ್ಕು ವರ್ಷದ ಹಿಂದೆ ಗಂಡ ಸಿಕ್ಸ್ಟೆನ್ ತೀರಿಕೊಂಡ. ಈಗ ಮಂಡಿನೋವು ಅವಳಿಗೇ ಬಂದಿತ್ತು, ವಿಚಾರಿಸುವವರಿರಲಿಲ್ಲ.

ಊರಿನವರು ಕೆಟ್ಟವರಲ್ಲ. ಎದುರು ಸಿಕ್ಕರೆ ಕೈ ಎತ್ತುತ್ತಾರೆ. ಆದರೆ ಕರೆಯದೆ ಒಬ್ಬರ ಮನೆಗೆ ಹೋಗುವುದು ಅಲ್ಲಿ ಬಾಗಿಲು ಒಡೆದು ನುಗ್ಗಿದಷ್ಟೇ ದೊಡ್ಡ ವಿಷಯ. ಕರೆಯೋಣವೆಂದರೆ, ತನಗೆ ಯಾರೂ ದಿಕ್ಕಿಲ್ಲವೆಂದು ಡಂಗುರ ಹೊಡೆಸಿದ ಹಾಗೆ. ಹೀಗಾಗಿ ಯಾರೂ ಹೋಗುವುದಿಲ್ಲ, ಯಾರೂ ಕರೆಯುವುದಿಲ್ಲ, ಎಲ್ಲರ ಮನೆಯಲ್ಲೂ ಕಾಫಿ ತನ್ನಷ್ಟಕ್ಕೆ ಆರುತ್ತಿರುತ್ತದೆ. ಆದರೂ ಮೆರ್ತಾ ಶನಿವಾರ ಶನಿವಾರ ಏಳು ಬಗೆಯ ಬಿಸ್ಕತ್ತು ಬೇಯಿಸಿ ಡಬ್ಬಿ ತುಂಬಿಡುತ್ತಿದ್ದಳು. (ಬಂದವರ ಮುಂದೆ ಏಳು ಬಗೆ ಇಡಲೇಬೇಕು. ಆರಿಟ್ಟರೆ ಜಿಪುಣಿ, ಎಂಟಿಟ್ಟರೆ ಜಂಬಗಾತಿ.) ಮುಂದಿನ ಶುಕ್ರವಾರದೊಳಗೆ ಏಳು ಬಗೆಯನ್ನೂ ತಾನೇ ತಿಂದು ಮುಗಿಸುತ್ತಿದ್ದಳು. ಆರೋಗ್ಯ ಕೇಂದ್ರದ ನರ್ಸು ರಕ್ತದ ಸಕ್ಕರೆ ನೋಡಿ, ಮನೆಗೆ ತುಂಬಾ ನೆಂಟರು ಬರುತ್ತಾರೇನೋ ಎಂದು ಕೇಳಿದ್ದಳು. ಮೆರ್ತಾ ತೋಳಿನ ಗುಂಡಿ ಹಾಕಿಕೊಂಡಿದ್ದಳು.

ಇನ್ನು ಗಿಡಗಳ ವಿಷಯ. ಚಳಿನಾಡಿನ ಅಂಗಳಗಳಿಗಾಗಿ ಹೊಸ ಹೊಸ ಹೂಗಿಡ ಬೆಳೆಸುವ ಪ್ರಯೋಗತೋಟವೊಂದಿತ್ತು. ಚಳಿಗಾಲದಲ್ಲಿ ಮೇಲೆ ಒಣಗಿ, ಬೇರಿನಲ್ಲಿ ಜೀವ ಹಿಡಿದುಕೊಂಡು, ಬೇಸಿಗೆಗೆ ಮತ್ತೆ ಚಿಗುರಿ ವರ್ಷಗಟ್ಟಲೆ ಬಾಳುವ ಜಾತಿಯವು. ಅವರು ಫ್ಲಾಕ್ಸ್ ಎಂಬ ಹೂಗಿಡದ ಹೊಸ ತಳಿಯ ಮೂರು ಮೂರು ಸಸಿಗಳನ್ನು ಮೆರ್ತಾಳಂಥ ಸದಸ್ಯರ ಮನೆಗೆ ಕಳಿಸುತ್ತಿದ್ದರು. ತಳಿಗೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಹೆಸರಿಡುವುದು ಬದುಕಿದ ಮೇಲೆ. ಗೊಬ್ಬರ ಹಾಕಬಾರದು, ಚಳಿಗೆ ಏನನ್ನೂ ಹೊದಿಸಬಾರದು. ಮುಂದಿನ ಜೂನಿನಲ್ಲಿ ಬದುಕಿತೋ ಸತ್ತಿತೋ ಎಂದು ಫಾರಂ ತುಂಬಿ ಕಳಿಸಬೇಕು.

ಮೆರ್ತಾಳ ಮೊದಲ ಮೂರೂ ಬದುಕಿದವು. ಫಾರಂನ ಕೊನೆಯಲ್ಲಿ ‘ಇತರೆ’ ಎಂದು ಒಂದು ಗೆರೆ ಬಿಟ್ಟಿದ್ದರು. ಅವಳು ಅದಕ್ಕೆ ನಾಲ್ಕು ಹಾಳೆ ಅಂಟಿಸಿದಳು. ಹಿಮ ಬಿದ್ದ ದಿನ, ಕರಗಿದ ದಿನ, ಅಂಗಳಕ್ಕೆ ಜಿಂಕೆ ನುಗ್ಗಿದ ದಿನ, ಸಿಕ್ಸ್ಟೆನ್‌ಗೆ ಬಿಳಿ ಫ್ಲಾಕ್ಸ್ ಕಂಡರೆ ಆಗುತ್ತಿರಲಿಲ್ಲ ಎಂಬುದು, ಎಲ್ಲ ಬರೆದಳು. ಮೂರು ವಾರ ಬಿಟ್ಟು ಉತ್ತರ ಬಂತು. ಅಚ್ಚು ಹಾಕಿದ ಒಂದು ಕಾರ್ಡು: ‘ನಿಮ್ಮ ಮಾಹಿತಿ ದಾಖಲಾಗಿದೆ. ಗಿಡಗಳ ಆರೈಕೆಗಾಗಿ ಧನ್ಯವಾದಗಳು.’

ಮೊದಲ ವಾಕ್ಯಕ್ಕೆ ಬೇಜಾರಾಯಿತು, ಎರಡನೆಯದಕ್ಕೆ ಹೆದರಿಕೆಯಾಯಿತು. ಗಿಡದ ವಿಷಯದಲ್ಲಿ ಧನ್ಯವಾದ ಹೇಳಬಾರದೆಂದು ಆ ಕಡೆಯ ಕೂಸಿಗೂ ಗೊತ್ತು. ಕೊಟ್ಟವರಿಗೂ ಹೇಳಬಾರದು, ಪಡೆದವರಿಗೂ ಹೇಳಬಾರದು. ಹೇಳಿದರೆ ಗಿಡ ಹಿಡಿಯುವುದಿಲ್ಲ. ಅಷ್ಟು ಓದಿಕೊಂಡವರು ಅಚ್ಚು ಹಾಕಿಸಿ ಊರೂರಿಗೆ ಧನ್ಯವಾದ ಹಂಚುತ್ತಾರಲ್ಲ ಎಂದು ಕಾರ್ಡನ್ನು ಬೋರಲು ಹಾಕಿದಳು.

ಅದೇ ವಾರ ನದಿಯಾಚೆಯ ಯೂರ್ದಿಸ್ ಫೋನ್ ಮಾಡಿದಳು. ಇಬ್ಬರೂ ಚರ್ಚಿನ ಗಾಯನದಲ್ಲಿ ಅಕ್ಕಪಕ್ಕ ನಿಲ್ಲುವವರು. ಯೂರ್ದಿಸಳಿಗೂ ಸಸಿ ಬಂದಿದ್ದವು, ಮೂರೂ ಸತ್ತಿದ್ದವು. ಅಯ್ಯೋ ಪಾಪ ಎಂದು ಮೆರ್ತಾ ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು:

“ಅದಕ್ಕೇ ತೋಟದಿಂದ ಒಂದು ಹುಡುಗಿ ಬಂದಿದ್ಳು ಕಣೇ. ತೂವಾ ಅಂತ. ಒಂದೂ ಮುಕ್ಕಾಲು ಗಂಟೆ ಇದ್ಳು. ಮಣ್ಣು ಅಗೆದ್ಳು, ನೀರೆಲ್ಲಿ ನಿಲ್ಲತ್ತೆ ಕೇಳಿದ್ಳು, ನಮ್ಮಮ್ಮನ ಕಾಲದಲ್ಲಿ ಅಲ್ಲಿ ಏನಿತ್ತು ಅಂತಾನೂ ಕೇಳಿದ್ಳು. ಮೂರು ಲೋಟ ಕಾಫಿ.”

“ನನ್ನ ಮನೆಗೆ ಯಾಕೆ ಬರ್ಲಿಲ್ಲ?”

“ನಿಂದು ಬದುಕಿದೆಯಲ್ಲ. ಬದುಕಿರೋದನ್ನ ನೋಡೋಕೆ ಯಾರು ಬರ್ತಾರೆ?”

ಆ ಮಾತು ಮೆರ್ತಾಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಹೊಸ ಮೂರು ಸಸಿಗಳು ಆಗಲೇ ಬಂದು ಅಂಗಳದಲ್ಲಿ ಕೂತಿದ್ದವು, ಸಂಖ್ಯೆ ಎಂಟುನೂರ ಹನ್ನೆರಡು. ಅವುಗಳ ಮುಂದೆ ನಿಂತು ಅವಳು ತೀರ್ಮಾನಿಸಿದಳು: ನೀವು ಸಾಯಬೇಕು.

ಆದರೆ ಅವಳು ದೇವರಿಗೆ ಹೆದರುವ ಹೆಂಗಸು. ಬದುಕಿದ್ದನ್ನು ಸತ್ತಿತೆಂದು ಬರೆದರೆ ಬೈಬಲಿನ ಹತ್ತು ಆಜ್ಞೆಗಳಲ್ಲಿ ಸುಳ್ಳು ಹೇಳಬೇಡ ಎನ್ನುವ ಎಂಟನೆಯ ಆಜ್ಞೆ ಮುರಿದಂತೆ. ವಿಷ ಹಾಕಿದರೆ ಕೊಲ್ಲಬೇಡ ಎನ್ನುವ ಐದನೆಯದು. (ಐದನೆಯದು ಮನುಷ್ಯರಿಗೆ ಮಾತ್ರವೋ ಫ್ಲಾಕ್ಸಿಗೂ ಸೇರಿಯೋ ಎಂದು ಪಾದ್ರಿಯನ್ನು ಕೇಳುವ ಧೈರ್ಯವಾಗಲಿಲ್ಲ.) ಕೊನೆಗೆ ದಾರಿ ಹೊಳೆಯಿತು. ತಾನು ಏನೂ ಮಾಡುವುದು ಬೇಡ, ಚಳಿಯೇ ಮಾಡಲಿ. ಹಿಮ ಬಿದ್ದರೆ ಬೇರಿಗೆ ಹೊದಿಕೆ. ಹೊದಿಕೆ ತೆಗೆದುಬಿಟ್ಟರೆ ಉಳಿದದ್ದು ದೇವರಿಗೂ ಗಿಡಕ್ಕೂ ಬಿಟ್ಟದ್ದು.

ಜನವರಿ ಬಂತು. ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿ ಮೆರ್ತಾ ಸಿಕ್ಸ್ಟೆನ್‌ನ ಕಿವಿಟೊಪ್ಪಿಗೆ ಹಾಕಿಕೊಂಡು, ಸಲಿಕೆ ಹಿಡಿದು, ಬೆಳಗಿನ ಕಾಫಿಯಾದ ಮೇಲೆ ಮೂರು ಗಿಡಗಳ ಮೇಲಿನ ಹಿಮ ತೆಗೆಯತೊಡಗಿದಳು. ಮೆಟ್ಟಿಲ ಮೇಲಿನದನ್ನು ತೆಗೆಯಲಿಲ್ಲ, ದಾರಿಯದನ್ನೂ ತೆಗೆಯಲಿಲ್ಲ. ಮಂಡಿ ನೋಯುತ್ತಿತ್ತು, ಇದ್ದ ಬಲವೆಲ್ಲ ಗಿಡಕ್ಕೇ ಬೇಕಿತ್ತು.

ರಸ್ತೆಯ ಎದುರು ಮನೆಯಲ್ಲಿ ಏವರ್ಟ್ ಇದ್ದ. ಮದುವೆಯಾಗದ ಮನುಷ್ಯ, ಮರಕಡಿಯುವ ಕೆಲಸದಿಂದ ನಿವೃತ್ತನಾದವನು, ಶಾಲೆಯಲ್ಲಿ ಅವಳಿಗಿಂತ ಒಂದು ತರಗತಿ ಮುಂದಿದ್ದವನು. ಸಿಕ್ಸ್ಟೆನ್‌ನ ಅಂತ್ಯಕ್ರಿಯೆಯ ದಿನ ಬಂದು ಒಂದು ಮೂಲೆಯಲ್ಲಿ ನಿಂತು ಹೋದಮೇಲೆ ಅವಳ ಹೊಸಿಲು ತುಳಿದಿರಲಿಲ್ಲ. ಎರಡು ವಾರ ಅವನು ಕಿಟಕಿಯಿಂದ ನೋಡಿದ. ಮೂರನೆಯ ವಾರ ಬೇಲಿಯವರೆಗೆ ಬಂದ. ಅವನ ಮಟ್ಟಿಗೆ ಇದು ದಂಡಯಾತ್ರೆ.

“ಏನಾದ್ರೂ ಕಳೆದುಹೋಗಿದೆಯಾ ಮೆರ್ತಾ?”

“ಇಲ್ಲ.”

“ಮೆಟ್ಟಿಲ ಮೇಲೆ ಹಿಮ ಹಾಗೇ ಇದೆ. ಜಾರಿ ಬೀಳ್ತೀಯ.”

“ಬಿದ್ರೆ ಏಳ್ತೀನಿ.”

ಅವನು ಬೇಲಿಯ ಮೇಲಿನ ಹಿಮ ಕೊಡವಿದ. “ಆ ಗಿಡಕ್ಕೆ ಹಿಮ ಬೇಕು. ಅದೇ ಅದಕ್ಕೆ ಕಂಬಳಿ.”

“ಗೊತ್ತು.”

“ಗೊತ್ತಿದ್ದೂ ತೆಗೀತಿದೀಯ.”

“ಗೊತ್ತಿದ್ದೇ ತೆಗೀತಿದೀನಿ.”

ಇದಕ್ಕಿಂತ ಹೆಚ್ಚು ಅವಳು ಹೇಳುವಂತಿರಲಿಲ್ಲ. ಯಾರಾದರೂ ಮನೆಗೆ ಬರಲಿ ಎಂದು ಗಿಡ ಸಾಯಿಸುತ್ತಿದ್ದೇನೆ ಎಂದು, ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೂ ಮನೆಗೆ ಬಾರದವನ ಮುಂದೆ ಹೇಗೆ ಹೇಳುವುದು?

ಮರುದಿನ ಬೆಳಿಗ್ಗೆ ನೋಡಿದರೆ ಗಿಡಗಳ ಮೇಲೆ ಸ್ಪ್ರೂಸ್ ಮರದ ಹಸಿರು ಕೊಂಬೆಗಳು ದಪ್ಪಗೆ ಹೊದ್ದು ಮಲಗಿದ್ದವು. ಏವರ್ಟ್‌ನ ಬೂಟಿನ ಗುರುತು ಬೇಲಿಯಿಂದ ಬಂದು ಬೇಲಿಗೆ ಹೋಗಿತ್ತು. ಮೆರ್ತಾ ಕೊಂಬೆಗಳನ್ನು ತೆಗೆದು ಅಂದವಾಗಿ ಜೋಡಿಸಿ ಅವನ ಗೇಟಿನ ಪಕ್ಕ ಇಟ್ಟಳು. ಅದರ ಮರುದಿನ ಅವು ಮತ್ತೆ ಗಿಡದ ಮೇಲಿದ್ದವು. ಹೀಗೆ ಶುರುವಾದ ಮಹಾಯುದ್ಧದಲ್ಲಿ ಎರಡು ಕಡೆಯವರೂ ಒಂದು ಮಾತೂ ಆಡಲಿಲ್ಲ. ಅವಳು ತೆಗೆಯುತ್ತಿದ್ದಳು, ಅವನು ಹೊದಿಸುತ್ತಿದ್ದ. ಮನೆಯೊಳಗೆ ಅವಳು ಗೋಡೆ ಗಡಿಯಾರದ ಹತ್ತಿರ ಮಾತಾಡುತ್ತಿದ್ದಳು: “ಇವತ್ತು ಇನ್ನೂ ಬಂದಿಲ್ಲ ನೋಡು, ಮುದುಕ.” ಫೆಬ್ರುವರಿಯಲ್ಲಿ ಎರಡು ದಿನ ಹೊಸ ಬೂಟಿನ ಗುರುತು ಕಾಣಲಿಲ್ಲ. ಗೆದ್ದೆ ಎಂದುಕೊಳ್ಳಬೇಕಾದವಳು ಕಿಟಕಿಯ ಪರದೆ ಸರಿಸಿ ಸರಿಸಿ ಅವನ ಹೊಗೆಗೂಡು ನೋಡಿದಳು. ಹೊಗೆ ಏಳುತ್ತಿತ್ತು. ಮೂರನೆಯ ದಿನ ಅವನು ಮೂಗಿಗೆ ವಸ್ತ್ರ ಹಿಡಿದು ಸೀನುತ್ತ ಕೊಂಬೆ ಹೊತ್ತು ಬಂದಾಗ ಅವಳಿಗೆ ಸಿಟ್ಟು ಬಂತು, ಆಮೇಲೆ ಹಸಿವಾಯಿತು.

ಮಾರ್ಚಿನಲ್ಲಿ ಅವಳಿಗೆ ಕೊನೆಯ ಅಸ್ತ್ರ ನೆನಪಾಯಿತು. ಅಚ್ಚು ಹಾಕಿದ ಕಾರ್ಡು ಇನ್ನೂ ಬೋರಲಾಗಿಯೇ ಬಿದ್ದಿತ್ತು. ಧನ್ಯವಾದ ಹೇಳಿದರೆ ತಾನೆ ಗಿಡ ಹಿಡಿಯದಿರುವುದು? ಅದನ್ನು ಸಾಕ್ಷಾತ್ ಗಿಡಕ್ಕೇ ಹೇಳಿದರೆ? ಆಜ್ಞೆಗಳಲ್ಲಿ ಧನ್ಯವಾದ ಹೇಳಬೇಡ ಎಂದು ಎಲ್ಲೂ ಇಲ್ಲ.

ಅತ್ತಿತ್ತ ನೋಡಿ, ನೋಯುವ ಮಂಡಿ ಊರಿ, ಕೊಂಬೆಗಳ ಮುಂದೆ ಬಗ್ಗಿ ಅವಳು ಗಟ್ಟಿಯಾಗಿ ಹೇಳಿದಳು. ಅರೆಬರೆ ಹೇಳಿದರೆ ಕೆಲಸ ಕೊಡುತ್ತದೋ ಇಲ್ಲವೋ ಎಂದು ತುಂಬು ಬಾಯಿಂದಲೇ ಹೇಳಿದಳು.

“ಧನ್ಯವಾದ. ತುಂಬಾ ತುಂಬಾ ಧನ್ಯವಾದ. ನೀನಿಲ್ದಿದ್ರೆ ಈ ಚಳಿಗಾಲ ಹೇಗೆ ಕಳೀತಿದ್ನೋ.”

ಎದ್ದು ತಿರುಗಿದರೆ ಹಿಮದ ದಿಬ್ಬದ ಹಿಂದೆ ಏವರ್ಟ್ ನಿಂತಿದ್ದ. ಕೈಯಲ್ಲಿ ಕೊಂಬೆ ತುಂಬಿದ ಜಾರುಗಾಡಿಯ ಹಗ್ಗ. ಅಂಥ ಚಳಿಯಲ್ಲೂ ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡಿದ್ದ. ಕಿವಿಗಳು ಕೆಂಪಗೆ ಹೊಳೆಯುತ್ತಿದ್ದವು.

“ಅದಕ್ಕೇನಂತೆ,” ಎಂದ. ಜಾರುಗಾಡಿಯನ್ನು ಅಲ್ಲೇ ಮರೆತು ಮನೆಗೆ ಹೋಗಿಬಿಟ್ಟ.

ನಿನಗಲ್ಲ ಮಾರಾಯಾ, ಗಿಡಕ್ಕೆ ಹೇಳಿದ್ದು ಎನ್ನಲು ಮೆರ್ತಾ ಬಾಯಿ ತೆರೆದಳು. ಬಾಯಿಂದ ಬಿಳಿ ಆವಿಯಷ್ಟೇ ಬಂತು.

ಅಂದಿನಿಂದ ಕೊಂಬೆಗಳು ಎರಡು ಪದರವಾದವು, ತುದಿಗಳೆಲ್ಲ ಒಂದೇ ಸಮ ಕತ್ತರಿಸಿದಂತಿದ್ದವು. ಮೆಟ್ಟಿಲ ಮೇಲಿನ ಹಿಮವೂ ದಿನಾ ಮಾಯವಾಗತೊಡಗಿತು. ಇನ್ನು ಅವನ್ನು ತೆಗೆದೊಗೆಯುವ ಮುಖ ಅವಳಿಗಿರಲಿಲ್ಲ. ಯುದ್ಧ ಸೋತಾಗಿತ್ತು.

ಜೂನಿನಲ್ಲಿ ಎಂಟುನೂರ ಹನ್ನೆರಡು, ಮೂರಕ್ಕೆ ಮೂರೂ, ನಾಚಿಕೆಯಿಲ್ಲದೆ ದಟ್ಟವಾಗಿ ಚಿಗುರಿದವು. ಮೆರ್ತಾ ಫಾರಂ ತುಂಬಿದಳು. ಬದುಕಿವೆಯೇ? ಹೌದು. ಆರೈಕೆಯಲ್ಲಿ ನಿಯಮ ಮೀರಿದ್ದೇನಾದರೂ ಇದೆಯೇ? ಎಂಟನೆಯ ಆಜ್ಞೆ ನೆನೆದು ಉಸಿರು ಬಿಟ್ಟು ಬರೆದಳು: ‘ಹಿಮ ತೆಗೆದದ್ದು ನಾನು. ಕೊಂಬೆ ಹೊದಿಸಿದ್ದು ಎದುರು ಮನೆಯ ಏವರ್ಟ್.’ ಈ ಸಲ ಹಾಳೆ ಅಂಟಿಸಲಿಲ್ಲ.

ಒಂದು ವಾರಕ್ಕೆ ಫೋನ್ ಬಂತು. ತೂವಾ ಎಂಬ ಹುಡುಗಿ, ಗುರುವಾರ ಬರಬಹುದೇ ಎಂದು ಕೇಳಿದಳು.

ಮೆರ್ತಾ ಪರದೆ ಒಗೆದಳು. ಏಳು ಬಗೆ ಬೇಯಿಸಿದಳು, ಒಂದು ಬಗೆ ಸ್ವಲ್ಪ ಸೀದಿತೆಂದು ಮತ್ತೆ ಬೇಯಿಸಿದಳು. ಆ ಕಡೆಯವರು ಕಾಫಿಯಲ್ಲಿ ಮುಳುಗಿಸಿ ತಿನ್ನುವ ಗಿಣ್ಣನ್ನು ಸಣ್ಣಗೆ ಹೆಚ್ಚಿಟ್ಟಳು. ಸಿಕ್ಸ್ಟೆನ್ ಹೋದಮೇಲೆ ಹೊರಗೆ ತೆಗೆಯದ ಚಿನ್ನದ ಅಂಚಿನ ಬಟ್ಟಲುಗಳನ್ನು ತೊಳೆದಿಟ್ಟಳು. ಗುರುವಾರ ಕಾರು ಬಂದು ನಿಂತಿತು. ಹುಡುಗಿ ಇಳಿದು ಗಿಡ ನೋಡಿದಳು, ಅಳೆದಳು, ಚೆನ್ನಾಗಿದೆ ಎಂದಳು. ಆಮೇಲೆ ಪುಸ್ತಕ ತೆರೆದು ಕೇಳಿದಳು:

“ಏವರ್ಟ್ ಅವರ ಮನೆ ಯಾವುದು?”

ಹಿಮ ತೆಗೆಯುವವರನ್ನು ತಾನು ಬೇರೆಡೆಯೂ ಕಂಡಿದ್ದೇನೆ, ಜನ ಏನೇನೋ ಮಾಡುತ್ತಾರೆ ಎಂದು ಅವಳು ಸಮಾಧಾನ ಹೇಳಿದಳು. ಆದರೆ ಹಿಮವೇ ಇಲ್ಲದ ಕಡೆ ಬರೀ ಕೊಂಬೆಯಿಂದ ಮೂರೂ ಉಳಿದವೆಂದರೆ, ಎಷ್ಟು ದಪ್ಪ ಹೊದಿಸಿದರು, ಎಷ್ಟು ದಿನಕ್ಕೊಮ್ಮೆ, ಅದನ್ನು ಅವರಿಂದಲೇ ಕೇಳಬೇಕು. ಹೀಗೆಂದು ರಸ್ತೆ ದಾಟಿ ಹೋಗಿಬಿಟ್ಟಳು.

ಮೆರ್ತಾ ಕಿಟಕಿಯಲ್ಲಿ ನಿಂತಳು. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಎದುರು ಅಡುಗೆಮನೆಯಲ್ಲಿ ಏವರ್ಟ್ ಕಾಫಿಪಾತ್ರೆ ಎತ್ತಿ ಬಗ್ಗಿಸುವುದು ಕಂಡಿತು. ಮೂವತ್ತೈದಾಯಿತು. ಗಿಡ ಸಾಯಿಸಲು ಮಂಡಿ ಸವೆಸಿದ್ದು ತಾನು, ಅತಿಥಿ ಸಿಕ್ಕಿದ್ದು ಅವನಿಗೆ. ಅಲ್ಲಿ ಒಂದು ಬಗೆಯ ಬಿಸ್ಕತ್ತಾದರೂ ಇರುತ್ತದೋ ಇಲ್ಲವೋ. ಅದನ್ನು ನೆನೆದದ್ದೇ ತಡ, ಅವಳು ಡಬ್ಬಿ ಎತ್ತಿಕೊಂಡು, ಯಾರೂ ಕರೆಯದೆ, ರಸ್ತೆ ದಾಟಿ ಬಾಗಿಲು ತಟ್ಟಿದಳು.

ಏವರ್ಟ್ ಬಾಗಿಲು ತೆರೆದು, ಡಬ್ಬಿ ನೋಡಿ, ಪಕ್ಕಕ್ಕೆ ಸರಿದು ನಿಂತ. ಒಳಗೆ ಎರಡೇ ಕುರ್ಚಿ. ಅವನು ಸೌದೆ ಪೆಟ್ಟಿಗೆಯ ಮೇಲೆ ಕೂತ. ತೂವಾ ಬರೆಯುವುದು ಮುಗಿಸುತ್ತಿದ್ದಳು.

“ಕೊನೇ ಪ್ರಶ್ನೆ. ಇಷ್ಟು ದಿನ ಬಿಡದೆ ಯಾಕೆ ಹೊದಿಸಿದ್ರಿ?”

ಏವರ್ಟ್ ತನ್ನ ಕೈ ನೋಡಿಕೊಂಡ. “ಮೊದ್ಲು ಸುಮ್ನೆ. ಆಮೇಲೆ ಇವಳು ಧನ್ಯವಾದ ಹೇಳಿದ್ಳು.”

“ಗಿಡದ ವಿಷಯಕ್ಕೆ ಹಾಗೆ ಹೇಳಬಾರದು ಅಲ್ವಾ? ನಮ್ಮಜ್ಜಿ ಬೈತಿದ್ರು.”

“ಹೇಳಬಾರ್ದು. ಇವಳಿಗೂ ಗೊತ್ತು. ಆದ್ರೂ ಹೇಳಿದ್ಳು.”

ಇಬ್ಬರೂ ಅವಳತ್ತ ನೋಡಿದರು. ಎಂಟನೆಯ ಆಜ್ಞೆ ಮೆರ್ತಾಳ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಡಬ್ಬಿಯ ಮುಚ್ಚಳ ತೆಗೆದಳು.

“ಬಿಸ್ಕತ್ತು ತಗೊಳ್ಳಿ. ಏಳು ಬಗೆ ಇದೆ.”

ತೂವಾ ಒಂದು ತಿಂದು, ಇನ್ನೊಂದು ಊರಿಗೆ ಹೋಗಬೇಕೆಂದು ಎದ್ದಳು. ಹೋಗುವಾಗ ಸಂಕೋಚದಿಂದ ಹೇಳಿದಳು: ಒಬ್ಬರು ಹೊದಿಕೆ ತೆಗೆದು ಇನ್ನೊಬ್ಬರು ಹೊದಿಸಿದ ಮೇಲೆ ಗಿಡ ಸ್ವಂತ ಬಲದಿಂದ ಏನು ಮಾಡಿತೆಂದು ಹೇಳಲಾಗುವುದಿಲ್ಲ. ಈ ಅಂಗಳವನ್ನು ಇನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳುವುದು ಕಷ್ಟ. ಕಾರ್ಡು ಬರುತ್ತದೆ.

ಕಾರು ಹೋಯಿತು. ಇನ್ನು ಸಸಿಯೂ ಇಲ್ಲ, ಫಾರಮ್ಮೂ ಇಲ್ಲ, ಬರುವವರೂ ಇಲ್ಲ. ಏವರ್ಟ್ ಖಾಲಿಯಾದ ಕುರ್ಚಿಗೆ ಬಂದು ಕೂತು, ಪ್ರತಿ ಬಗೆಯಲ್ಲಿ ಒಂದೊಂದು, ಯಾವುದನ್ನೂ ಬಿಡದೆ ತಿಂದ. ಏಳನೆಯದನ್ನು ಮುಗಿಸಿ ಮೀಸೆ ಒರೆಸಿಕೊಂಡು ಕೇಳಿದ:

“ಬರೋ ಚಳಿಗಾಲಾನೂ ಹಿಮ ತೆಗೀತೀಯಾ?”

“ಯಾಕೆ? ಪಟ್ಟಿಯಿಂದ ತೆಗೆದಾಯ್ತಲ್ಲ.”

“ಕೊಂಬೆ ಮೊದ್ಲೇ ಕಡಿದಿಡ್ಬೇಕು. ಹಿಮ ಬಿದ್ಮೇಲೆ ಕಾಡಿಗೆ ಹೋಗೋದು ಕಷ್ಟ ಈಗ. ಅದಕ್ಕೆ ಕೇಳ್ದೆ.”

ಮೆರ್ತಾ ಕಿಟಕಿಯಿಂದ ತನ್ನ ಅಂಗಳ ನೋಡಿದಳು. ಇಲ್ಲಿಂದ ಅದು ಎಷ್ಟು ಚೆನ್ನಾಗಿ ಕಾಣುತ್ತಿತ್ತು. ಮೂರು ಗಿಡ, ಮೆಟ್ಟಿಲು, ಅವಳ ಅಡುಗೆಮನೆಯ ಕುರ್ಚಿ ಕೂಡ.

“ತೆಗೀತೀನಿ,” ಎಂದಳು.

ಈಗ ಅವಳಿಗೆ ನಿಜವಾಗಿಯೂ ಒಂದು ಮಾತು ಹೇಳಬೇಕೆನಿಸಿತು, ಈ ಸಲ ಗಿಡಕ್ಕಲ್ಲ. ಆದರೆ ವಿಷಯ ಗಿಡದ್ದು. ಹೇಳಿ ಹಿಡಿಯದೆ ಹೋದರೆ? ನುಂಗಿಕೊಂಡು ಎದ್ದಳು.

“ಡಬ್ಬಿ ಬಿಟ್ಟು ಹೋಗ್ತಿದೀಯ,” ಎಂದ ಏವರ್ಟ್ ಬಾಗಿಲಿಂದ.

“ಹೌದಾ,” ಎಂದಳು ಮೆರ್ತಾ, ತಿರುಗಿ ನೋಡದೆ ರಸ್ತೆ ದಾಟುತ್ತ.