ಗಿರಿಜಾದೇವಿಗೆ ಅಮ್ಮ ಎದ್ದಾಗ ಮನೆಮಂದಿಗೆಲ್ಲ ದೇವಿ ಹಾಕಿದ ಮಹಾನುಭಾವರಿಗೆ

ಅಡ್ಯಾರ್, ಮದರಾಸು

ನಮ್ಮ ವಾರ್ಡಿನ ಸಿಡುಬು ನಿವಾರಣಾ ದಳದ ದಳಪತಿಗಳೂ, ಫಿನಾಯಿಲ್ ಪರಾಕ್ರಮಿಗಳೂ, ದೇವಿ ಹಾಕುವ ಸೂಜಿಯನ್ನೇ ಖಡ್ಗವಾಗಿ ಉಳ್ಳವರೂ ಆದ ತಿರುಮಲ ಅವರ ಸನ್ನಿಧಾನಕ್ಕೆ, ಒಂದು ಕಾಲದಲ್ಲಿ ನಾಟಕ ಕಂಪನಿಯಲ್ಲಿ ದುರ್ಯೋಧನನಾಗಿ ಗರ್ಜಿಸಿ, ಈಗ ಅದೇ ಕಿರೀಟ, ಅಂಗಿ, ಗದೆಗಳನ್ನು ಬಾಡಿಗೆಗೆ ಕೊಟ್ಟು ಬದುಕುತ್ತಿರುವ ಕಾಂತಪ್ಪನು ಮಂಡಿಯೂರಿ ಮಾಡುವ ವಿಜ್ಞಾಪನೆ.

ಮಾನ್ಯರೇ,

ತಮಿಳರಾದ ತಮಗೆ ಕನ್ನಡ ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಇರಲಿ. ನನ್ನ ಹೆಂಡತಿಯ ತಮಿಳನ್ನು ತಾವು ಅರ್ಥ ಮಾಡಿಕೊಂಡದ್ದರ ಫಲವನ್ನು ಇಡೀ ಮನೆ ತೋಳಿನ ಮೇಲೆ ಹೊತ್ತು ತಿರುಗುತ್ತಿರುವುದರಿಂದ, ನನ್ನ ಕನ್ನಡವನ್ನು ತಾವು ಅರ್ಥ ಮಾಡಿಕೊಳ್ಳದಿರುವುದೇ ಎರಡೂ ಕಡೆಗೆ ಕ್ಷೇಮವೆಂದು ತೋರಿತು.

ಗಿರಿಜಾದೇವಿ ನಮ್ಮ ಹಿತ್ತಲಿನ ಕೋಳಿ. ಆಕೆಯ ನಡಿಗೆಯ ಠೀವಿ ಕಂಡು, ಪಟ್ಟದ ರಾಣಿಗೊಪ್ಪುವ ಆ ಹೆಸರನ್ನು ಇಟ್ಟವನು ನಾನೇ. ನಾವು ಕೋಳಿ ತಿನ್ನದವರೇನಲ್ಲ ಸ್ವಾಮಿ, ಆದರೆ ಹೆಸರಿಟ್ಟ ಕೋಳಿಯನ್ನು ತಿನ್ನುವವರಲ್ಲ. ಇಂಥ ರಾಣಿಗೆ ಜುಟ್ಟಿನ ಮೇಲೆ, ಕೊಕ್ಕಿನ ಬುಡದಲ್ಲಿ, ಕಣ್ಣಿನ ಸುತ್ತ ಗುಳ್ಳೆಗಳೆದ್ದು ರೆಪ್ಪೆ ಅಂಟಿಕೊಂಡಾಗ, ನನ್ನ ಹೆಂಡತಿ ಜಲಜಾಕ್ಷಿ ಇದು ಅಮ್ಮನೇ, ಸಿಡುಬೇ ಎಂದು ತೀರ್ಮಾನಿಸಿ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಅಡಿಗೆಗೆ ಒಗ್ಗರಣೆ ನಿಲ್ಲಿಸಿ, ಮನುಷ್ಯರಿಗೆ ನಡೆಸುವ ಮರ್ಯಾದೆಯನ್ನೆಲ್ಲ ಕೋಳಿಗೂ ನಡೆಸಿದಳು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರರು ಕಾಂಪೌಂಡಿನಾಚೆಯಿಂದ ಏನಮ್ಮಾ ಸಂಗತಿ ಎಂದದ್ದಕ್ಕೆ, ಮದರಾಸಿನಲ್ಲಿ ಕಲಿತ ತಮಿಳನ್ನೆಲ್ಲ ಒಟ್ಟುಗೂಡಿಸಿ, "ಗಿರಿಜಾದೇವಿಕ್ಕು ಅಮ್ಮೈ ಪೋಟ್ಟಿರುಕ್ಕು", ಗಿರಿಜಾದೇವಿಗೆ ಅಮ್ಮ ಎದ್ದಿದೆ, ಎಂದುಬಿಟ್ಟಳು. ವ್ಯಾಕರಣ ಶುದ್ಧವಾಗಿತ್ತು, ಅದೇ ಅನರ್ಥಕ್ಕೆ ಮೂಲ! ಕೋಳಿ ಎಂಬ ಒಂದು ಪದ ಅವಳ ಬಾಯಿಂದ ಜಾರಿಹೋಗಿತ್ತು.

ಪೋಸ್ಟ್‌ಮಾಸ್ಟರರು ತಮಗೆ ಸುದ್ದಿ ಮುಟ್ಟಿಸಿದ ಮೇಲೆ ಆದದ್ದು ತಮ್ಮ ರಂಗಪ್ರವೇಶ. ಆಹಾ! ನಮ್ಮ ಕಂಪನಿಯಲ್ಲಿ ಯುದ್ಧದ ಸೀನಿಗೂ ಅಷ್ಟು ಗದ್ದಲ ಇರುತ್ತಿರಲಿಲ್ಲ. ರೋಗಿ ಎಲ್ಲಿ ಎಂದು ತಾವು ಗುಡುಗಿದಾಗ, ಈ ಊರಿನ ಶಾಲೆಯಲ್ಲಿ ಓದಿ ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರಿಸುವ ನನ್ನ ಮಗಳು ಅನಸೂಯ, "ಕೂಡೈಕ್ಕುಳ್ಳೆ ಇರುಕ್ಕಾ", ಬುಟ್ಟಿಯೊಳಗಿದ್ದಾಳೆ, ಎಂದು ನಿಜವನ್ನೇ ಹೇಳಿದಳು. ಮನೆಯ ಹೆಂಗಸನ್ನು ಬುಟ್ಟಿಯೊಳಗೆ ಬಚ್ಚಿಟ್ಟ ಪಾಪಿಗಳೆಂದು ತಾವು ನಮ್ಮನ್ನು ನೋಡಿದ ಆ ನೋಟ, ಸ್ವಾಮಿ, ಅಭಿನಯ ಕಲಿಯುವವರಿಗೆಲ್ಲ ಒಂದು ಪಾಠ. ಮಲಗಿದ್ದ ನನ್ನ ಅತ್ತೆ ಸರಸಮ್ಮನವರನ್ನೇ ರೋಗಿಯೆಂದು ಬಗೆದು ಎರಡೂ ತೋಳಿಗೆ ದೇವಿ ಹಾಕಿದಿರಿ. ಎದ್ದು ಕುಳಿತ ಅವರು, "ಕೋಳಿಗೆ ಬಂದದ್ದಕ್ಕೆ ನನ್ನನ್ನು ಯಾಕಪ್ಪಾ ಕುಕ್ಕುತ್ತೀ" ಎಂದು ಕೂಗಿದ್ದು ಕನ್ನಡದಲ್ಲಾದ್ದರಿಂದ ಅದನ್ನು ಜ್ವರದ ಬಡಬಡಿಕೆ ಎಂದು ತಿಳಿದು, ಉಳಿದ ನಮ್ಮೆಲ್ಲರಿಗೂ ದೇವಿ ಹಾಕಿದಿರಿ. ನನ್ನ ಮಖಮಲ್ ಅಂಗಿಗಳ ಮೇಲೆ ಫಿನಾಯಿಲ್ ಅಭಿಷೇಕವಾಯಿತು. ಈಗ ನಮ್ಮ ಅಂಗಡಿಯ ಚಕ್ರವರ್ತಿಗಳೆಲ್ಲ ಆಸ್ಪತ್ರೆಯಿಂದ ನೇರವಾಗಿ ಆಸ್ಥಾನಕ್ಕೆ ಬಂದವರಂತೆ ನಾರುತ್ತಾರೆ.

ಕೊನೆಗೆ ಬುಟ್ಟಿ ಎತ್ತಿದಾಗ ಗಿರಿಜಾದೇವಿಯ ದರ್ಶನವಾಯಿತು. ಇಡೀ ಮನೆಯಲ್ಲಿ ನಿಜವಾಗಿ ಕಾಯಿಲೆ ಬಿದ್ದಿದ್ದ ಏಕೈಕ ಜೀವಿಯನ್ನು ಕಂಡು ತಾವು, "ಇದು ನಮ್ಮ ಇಲಾಖೆಯದಲ್ಲ" ಎಂದು ಕೈ ತೊಳೆದುಕೊಂಡಿರಿ. ಆದರೆ ಬಾಗಿಲಿಗೆ ಹೊಡೆದ "ಸಿಡುಬಿನ ಮನೆ" ಎಂಬ ಹಲಗೆಯನ್ನು ಮಾತ್ರ ತೆಗೆಯಲಿಲ್ಲ. ರೋಗಿ ಗುಣವಾಗಬೇಕು ಇಲ್ಲವೇ ಸಾಯಬೇಕು, ಆಗಲೇ ಹಲಗೆ ಇಳಿಯುವುದು ಎಂದಿರಿ. ಹಾಲಿನವನು ಬೀದಿಯ ತುದಿಯಲ್ಲೇ ನಿಂತ, ಕಿರೀಟ ಕೇಳುವವರು ಬರದಾದರು. ಹೊರಡುವಾಗ ತಾವು ದನಿ ತಗ್ಗಿಸಿ, ಎರಡರಲ್ಲಿ ಎರಡನೆಯದು ಬೇಗ ಮುಗಿಯುತ್ತದೆಯಲ್ಲ ಎಂದು ಕತ್ತಿನ ಮೇಲೆ ಬೆರಳೆಳೆದು ತೋರಿಸಿದ ಕರುಣೆಗೆ ಏನೆಂದು ಹೆಸರಿಡಲಿ! ಬುಟ್ಟಿಯನ್ನು ಅಪ್ಪಿ ಹಿಡಿದು ಪಶುವೈದ್ಯರ ಬಾಗಿಲಿಗೆ ಹೋದರೆ, ಅಲ್ಲಿನ ಕಂಪೌಂಡರನೂ ದನಕ್ಕೆ ಔಷಧಿ ಉಂಟು, ಕುದುರೆಗೆ ಉಂಟು, ಕೋಳಿಗೆ ಇರುವ ಔಷಧಿ ಕರಿಮೆಣಸೊಂದೇ ಎಂದ.

ಆದ್ದರಿಂದ ಚಿಕಿತ್ಸೆ ಹಿತ್ತಲಿನಲ್ಲೇ ನಡೆಯಿತು. ಜಲಜಾಕ್ಷಿ ಆಕೆಯನ್ನು ಉಳಿದ ಕೋಳಿಗಳಿಂದ ದೂರವಿಟ್ಟು, ಉಗುರುಬೆಚ್ಚನೆಯ ಉಪ್ಪುನೀರಿನಲ್ಲಿ ಅರಿವೆ ಅದ್ದಿ ರೆಪ್ಪೆ ಒರೆಸಿ, ಜುಟ್ಟಿನ ಗುಳ್ಳೆಗಳಿಗೆ ಬೇವು, ಅರಿಸಿನ ಅರೆದು ಹಚ್ಚಿ, ಕಣ್ಣು ಕಾಣದ ರಾಣಿಗೆ ರಾಗಿ ಗಂಜಿಯನ್ನು ಬೆರಳ ತುದಿಯಿಂದ ತಿನ್ನಿಸಿದಳು. ಒಗ್ಗರಣೆಯಿಲ್ಲದ ಸಾರು ಉಣ್ಣುತ್ತಾ ನಾನು ದೂರದಿಂದ ಧೈರ್ಯ ಹೇಳುತ್ತಿದ್ದೆ. ಇಂದು ಬೆಳಿಗ್ಗೆ ಬಲಗಣ್ಣು ತೆರೆಯಿತು. ತೆರೆದವಳೇ ಗಂಜಿಯ ಬಟ್ಟಲನ್ನು ಕಾಲಿನಿಂದ ಚೆಲ್ಲಿ, ಅಕ್ಕಿ ಕೊಡು ಎಂಬಂತೆ ಜಲಜಾಕ್ಷಿಯನ್ನು ದುರುಗುಟ್ಟಿ ನೋಡಿದಳು.

ಮಾನ್ಯರೇ, ರೋಗಿ ಗುಣವಾಗಿದ್ದಾಳೆ. ತಾವು ಸಪರಿವಾರ ಬಂದು, ಆಕೆಯ ನಾಡಿ ಹಿಡಿದು, ನಾಲಗೆ ಚಾಚಿಸಿ, ಹೆಸರು, ವಯಸ್ಸು, ಗಂಡನ ಹೆಸರು ವಿಚಾರಿಸಿ, ಆ ಹಲಗೆಯನ್ನು ತಮ್ಮ ಅಮೃತಹಸ್ತದಿಂದಲೇ ಕಿತ್ತುಕೊಂಡು ಹೋಗಬೇಕೆಂದು ಬೇಡುತ್ತೇನೆ. ಗಂಡನ ವಿಷಯದಲ್ಲಿ ಮಾತ್ರ ಒತ್ತಾಯ ಮಾಡಬೇಡಿ, ಈ ಬೀದಿಯಲ್ಲಿ ಹುಂಜಗಳು ಹಲವು.

ಹಲಗೆಯ ನೆರಳಿನಲ್ಲಿ ಕಾದು ನಿಂತಿರುವ,
ತಮ್ಮ ವಿಶ್ವಾಸಿ,
ಕಾಂತಪ್ಪ

ತಾ.ಕ.: ಗಿರಿಜಾದೇವಿಯ ಎಡಗಣ್ಣು ಇನ್ನೂ ತೆರೆದಿಲ್ಲ. ದಯವಿಟ್ಟು ಬಲಗಡೆಯಿಂದ ಬನ್ನಿ. ಎಡಗಡೆಯಿಂದ ಬಂದವರನ್ನೆಲ್ಲ ಆಕೆ ಕಳ್ಳಬೆಕ್ಕೆಂದು ತಿಳಿದು ಕುಕ್ಕುತ್ತಾಳೆ. ಬಲಗಡೆಯಿಂದ ಬಂದರೆ ಅಧಿಕಾರಿಗಳೆಂದು ಗುರುತು ಹಿಡಿದು ಕುಕ್ಕುತ್ತಾಳೆ.